ಶ್ರೀನಗರ, ಸರ್ಚು, ಪದುಮ್: ಲೇಹ್‌ಗೆ ಮೂರು ದಾರಿ, ಗುಂಪಿಗೆ ಯಾವುದು?

ಗುಂಪು ಕಟ್ಟಿಕೊಂಡು ಲಡಾಖ್‌ಗೆ ಗಾಡಿ ಓಡಿಸುವ ಮಾತು ಎದ್ದರೆ ಮೊದಲ ಜಗಳ ಯಾರ ಗಾಡಿ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವಂಥದ್ದು) ಅನ್ನುವುದರ ಮೇಲೆ. ಎರಡನೆಯ ಜಗಳ ಯಾವ ಪಾಸ್ (ಬೆಟ್ಟಸಾಲು ದಾಟುವ ಜಾಗ, ಅಲ್ಲಿಯವರ ಬಾಯಲ್ಲಿ ‘ಲಾ’) ಎಷ್ಟು ಎತ್ತರ ಅನ್ನುವುದರ ಮೇಲೆ. ಎರಡನ್ನೂ ಸ್ವಲ್ಪ ಬದಿಗಿಡಿ. ಮೂರು ದಾರಿಗಳಲ್ಲೂ ಬೇರೆ ಬೇರೆ ಗುಂಪಿನ ಜೊತೆ ಓಡಿಸಿ ನೋಡಿದ ಮೇಲೆ ನಾನು ಮೊದಲು ಕೇಳುವುದು ಒಂದೇ: ರಾತ್ರಿ ಮಲಗುವ ಊರು ಎಷ್ಟು ಎತ್ತರದಲ್ಲಿದೆ?

ಐದು ಸಾವಿರ ಮೀಟರ್‌ನ ಪಾಸ್ ಮೇಲೆ ಹತ್ತು ನಿಮಿಷ ನಿಂತು, ಫೋಟೊ ತೆಗೆದು ಇಳಿದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎತ್ತರದ ಕಾಯಿಲೆ ಶುರುವಾಗುವುದು ಸಾಮಾನ್ಯವಾಗಿ ಏರಿದ ಆರರಿಂದ ಹನ್ನೆರಡು ಗಂಟೆಯ ನಂತರ, ಅಂದರೆ ಊಟ ಮುಗಿಸಿ ಕಂಬಳಿ ಹೊದ್ದುಕೊಳ್ಳುವ ಹೊತ್ತಿಗೆ. ಅದಕ್ಕೇ ವೈದ್ಯರ ಲೆಕ್ಕವೂ ಮಲಗುವ ಎತ್ತರದ್ದೇ: 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಊರಲ್ಲಿ ಇನ್ನೊಂದು ರಾತ್ರಿ ಇರಬೇಕು. ಸುಮಾರು 900 ಮೀಟರ್‌ನ ಬೆಂಗಳೂರಿನಿಂದ ಹೊರಟ ನಮ್ಮಂಥವರು ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಈ ಅಳತೆಗೋಲು ಹಿಡಿದರೆ ಶ್ರೀನಗರದ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದೇ ಇಲ್ಲ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ 2,700ರ ಆಸುಪಾಸು, ಲೇಹ್ 3,500. ಒಟ್ಟು 420 ಕಿ.ಮೀ. ಚಿಲ್ಲರೆ, ಹಾಸಿಗೆಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಕಾರ್ಗಿಲ್‌ನಿಂದ ಲೇಹ್‌ಗೆ 800 ಮೀಟರ್ ಏರಿಕೆ ಹೆಚ್ಚು ಅನ್ನಿಸಿದರೆ ನಡುವೆ ಮುಲ್ಬೇಖ್ ಕಡೆ ಒಂದು ರಾತ್ರಿ ಸೇರಿಸಿಕೊಳ್ಳಬಹುದು. ಈ ದಾರಿಯ ಅತಿ ಎತ್ತರದ ಜಾಗ ಫೋತು ಲಾ, 4,108 ಮೀಟರ್. ಅಲ್ಲಿ ರಸ್ತೆ ಎಷ್ಟು ನುಣುಪೆಂದರೆ ಪಾಸ್ ದಾಟಿದ್ದೇ ಕೆಲವರಿಗೆ ಗೊತ್ತಾಗಲಿಲ್ಲ. ಆಫ್‌ರೋಡ್ ಹುಚ್ಚಿನವರಿಗೆ ಸಿಗುವುದು ಜೋಜಿ ಲಾ ಒಂದೇ. 3,528 ಮೀಟರ್ ಅಷ್ಟೇ ಆದರೂ ಕೆಸರು, ಕಡಿದಾದ ಅಂಚು, ಎದುರಿಗೆ ಬರುವ ಲಾರಿ ಸಾಲು, ಇಷ್ಟೂ ಸೇರಿ ಎತ್ತರದ ಪಾಸ್‌ಗಳಿಗಿಂತ ಹೆಚ್ಚು ಬೆವರು ಬಿಡಿಸುತ್ತದೆ. ಅಲ್ಲಿ ಏಕಮುಖವಾಗಿ, ಹೊತ್ತು ನಿಗದಿ ಮಾಡಿ ಗಾಡಿ ಬಿಡುವುದೂ ಉಂಟು. ಹಿಂದಿನ ಸಂಜೆಯೇ ಸೋನಾಮಾರ್ಗ್‌ನಲ್ಲಿ ಕೇಳಿಕೊಳ್ಳಿ.

ಮನಾಲಿಯಿಂದ ಸರ್ಚು ಮೇಲಾಗಿ ಹೋಗುವ ದಾರಿ ಹೆಸರುವಾಸಿ, ನೋಟದಲ್ಲಿ ಅದನ್ನು ಮೀರಿಸುವುದು ಕಷ್ಟ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತುವ ಗೋಳು, ಅದರ ಪರ್ಮಿಟ್ಟಿನ ಗೋಳು ಎರಡೂ ತಪ್ಪಿವೆ. ಆದರೆ ಸುರಂಗ ಉಳಿಸಿದ ಸಮಯವೇ ಗುಂಪಿಗೆ ಮುಳುವಾಗುತ್ತದೆ. ಮೊದಲು ರೋಹ್ತಾಂಗ್ ಜಾಮ್‌ನಲ್ಲಿ ಸಿಕ್ಕಿ ಕೆಲಾಂಗ್ ತಲುಪುವಷ್ಟರಲ್ಲಿ ಸಾಕಾಗಿ, ಬೇಡವೆಂದರೂ ಅಲ್ಲಿ ಉಳಿಯುತ್ತಿದ್ದರು. ಈಗ ಮನಾಲಿಯಲ್ಲಿ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಜಿಸ್ಪಾ ದಾಟಿರುತ್ತಾರೆ. ‘ಇನ್ನೂ ಬೆಳಕಿದೆಯಲ್ಲ, ಸರ್ಚುಗೆ ಹೋಗಿಬಿಡೋಣ’ ಅನ್ನುವ ಒಬ್ಬ ಮಹಾನುಭಾವ ಪ್ರತಿ ಗುಂಪಿನಲ್ಲೂ ಇರುತ್ತಾನೆ.

ಮನಾಲಿ 2,050 ಮೀಟರ್, ಸರ್ಚು 4,290. ಒಂದೇ ದಿನದಲ್ಲಿ ಎರಡು ಸಾವಿರ ಮೀಟರ್‌ಗೂ ಮಿಕ್ಕಿ ಹಾಸಿಗೆ ಏರಿತು. ಜಿಸ್ಪಾದಲ್ಲಿ (ಸುಮಾರು 3,200) ಒಂದು ರಾತ್ರಿ ಇದ್ದು ಹೋದರೂ ಮುಂದಿನ ಜಿಗಿತ ಸಾವಿರಕ್ಕೂ ಹೆಚ್ಚು. ಸರ್ಚುವಿನ ಟೆಂಟ್ ರಾತ್ರಿ ಹೇಗಿರುತ್ತದೆ ಗೊತ್ತೇ? ಚಿಪ್ಸ್ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿ ಕೂತಿರುತ್ತದೆ. ಬಿಸಿಬಿಸಿ ಅಂತ ಕೊಟ್ಟ ಚಹಾ ಎರಡು ಗುಟುಕಿಗೆ ಉಗುರು ಬೆಚ್ಚಗಾಗಿರುತ್ತದೆ, ಯಾಕೆಂದರೆ ಅಲ್ಲಿ ನೀರು ಕುದಿಯುವುದೇ 86 ಡಿಗ್ರಿ ಆಸುಪಾಸಿನಲ್ಲಿ. ಹತ್ತು ಗಂಟೆಗೆ ದೀಪ ಆರಿದ ಮೇಲೆ ಪಕ್ಕದ ಮಂಚದವನ ಉಸಿರು ಒಂದಿಷ್ಟು ಹೊತ್ತು ಜೋರಾಗಿ ಎಳೆದು, ತಟ್ಟನೆ ನಿಂತು, ಮತ್ತೆ ಗಬಕ್ಕನೆ ಶುರುವಾಗುತ್ತದೆ. ಎತ್ತರದಲ್ಲಿ ನಿದ್ದೆಯ ಉಸಿರಾಟ ಹಾಗೆ ಏರಿಳಿಯುವುದು ಸಾಮಾನ್ಯ, ಆದರೆ ಕೇಳುವವನಿಗೆ ನಿದ್ದೆ ಬರುವುದಿಲ್ಲ. ನಮ್ಮ ಗುಂಪಿನ ದಾಂಡಿಗ, ದಿನಾ ಜಿಮ್‌ಗೆ ಹೋಗುವವನು, ತಲೆನೋವು ತಾಳಲಾರದೆ ಎದ್ದು ಕೂತಿದ್ದ. ಐವತ್ತೈದು ದಾಟಿದ ಅವನ ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದರು. ಯಾರಿಗೆ ಬಡಿಯುತ್ತದೆ ಅನ್ನುವುದು ಮೈಕಟ್ಟು ನೋಡಿ ಹೇಳಲಾಗದು.

ಸರ್ಚುವಿನ ದೊಡ್ಡ ತೊಂದರೆ ಇನ್ನೊಂದಿದೆ. ಕಾಯಿಲೆ ಬಂದರೆ ಮದ್ದು ಅಂದರೆ ಇಳಿಯುವುದು. ಅಲ್ಲಿಂದ ಯಾವ ಕಡೆ ಹೋದರೂ ಮೊದಲು ಏರಬೇಕು. ಹಿಂದಕ್ಕೆ ಬಾರಾಲಾಚಾ ಲಾ 4,890, ಮುಂದಕ್ಕೆ ಗಾಟಾ ಲೂಪ್ಸ್‌ನ 21 ತಿರುವು, ನಕೀ ಲಾ, 5,060ರ ಆಸುಪಾಸಿನ ಲಾಚುಂಗ್ ಲಾ, ಆಮೇಲೆ ಪಾಂಗ್. ಮೋರೆ ಬಯಲಿನ ನಂತರ 5,328 ಮೀಟರ್‌ನ ತಂಗ್ಲಂಗ್ ಲಾ ಬೇರೆ. ಕೆಲವರು ಇದನ್ನು ತಪ್ಪಿಸಲು ಜಿಸ್ಪಾದಿಂದ ಒಂದೇ ಏಟಿಗೆ ಲೇಹ್ ಸೇರುತ್ತಾರೆ. 330 ಕಿ.ಮೀ. ಮೇಲೆ ಆಗುತ್ತದೆ. ಮಲಗುವ ಲೆಕ್ಕದಲ್ಲಿ ಇದು ಸರ್ಚುಗಿಂತ ಎಷ್ಟೋ ಮೇಲು. ಎರಡು ಗಾಡಿಯ, ಚಾಲಕ ಬದಲಿಸಿಕೊಳ್ಳುವವರಿರುವ ಗುಂಪಿಗೆ ಆಗಬಹುದು. ಆರು ಗಾಡಿ ಇದ್ದರೆ ಒಂದು ಪಂಕ್ಚರ್, ಒಬ್ಬರ ವಾಂತಿ, ಮೂರು ಕಡೆ ಮ್ಯಾಗಿ ಅಂತ ಕತ್ತಲಾಗಿಯೇ ತೀರುತ್ತದೆ, ತಂಗ್ಲಂಗ್ ಲಾ ರಾತ್ರಿ ದಾಟುವ ಜಾಗ ಅಲ್ಲ.

ಹಾಗಾಗಿ ನನ್ನ ಮಟ್ಟಿಗೆ ಸರ್ಚು ದಾರಿ ಇಳಿಯುವುದಕ್ಕೆ, ಏರುವುದಕ್ಕಲ್ಲ. ಲೇಹ್‌ನಲ್ಲಿ ಒಂದಷ್ಟು ದಿನ ಕಳೆದು ಬಂದವರಿಗೆ ಅದೇ ಟೆಂಟಿನಲ್ಲಿ ಒಳ್ಳೆ ನಿದ್ದೆ ಬರುತ್ತದೆ.

ಪದುಮ್ ದಾರಿ ನನ್ನ ಲೆಕ್ಕವನ್ನು ತಲೆಕೆಳಗು ಮಾಡಿತು. ದಾರ್ಚಾದಲ್ಲಿ ಮನಾಲಿ–ಲೇಹ್ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ, ಶಿಂಕು ಲಾ ಹತ್ತಿ ಝಾನ್ಸ್ಕರ್‌ಗೆ ಇಳಿಯುವ ದಾರಿ ಇದು. ಪದುಮ್ ಮೇಲಾಗಿ ಲೇಹ್ ಹತ್ತಿರದ ನಿಮ್ಮುವರೆಗೆ 298 ಕಿ.ಮೀ., ಗಡಿ ರಸ್ತೆ ಸಂಸ್ಥೆ ಇದನ್ನು 2024ರಲ್ಲಿ ಜೋಡಿಸಿತು. ಶಿಂಕು ಲಾ 5,091 ಮೀಟರ್ ಅಂದ ಕೂಡಲೇ ಹೊಸಬರು ಬೆದರುತ್ತಾರೆ. ಹಾಸಿಗೆ ನೋಡಿ: ಜಿಸ್ಪಾ 3,200, ಪದುಮ್ 3,650ರ ಸುಮಾರು. ಏರಿದ್ದು ಬರೀ 450 ಮೀಟರ್! ನಡುವೆ ಅಷ್ಟೆತ್ತರ ಹೋಗಿ ಇಳಿದರೂ ರಾತ್ರಿ ಉಸಿರು ನೆಟ್ಟಗಿರುತ್ತದೆ. ಪುಪ್ಪುಸದ ಮಟ್ಟಿಗೆ ಇದು ಸರ್ಚು ದಾರಿಗಿಂತ ಸಲೀಸು.

ಕಷ್ಟಪಡುವುದು ಗಾಡಿ. ನಾವು ಹೋದಾಗ ಲಾಹೌಲ್ ಕಡೆಯ, ಅಂದರೆ ಹಿಮಾಚಲದ ಬದಿಯ ಏರು ಬಹುಪಾಲು ಟಾರು, ಪಾಸ್ ದಾಟಿದ ಮೇಲೆ ಕಲ್ಲು, ಜಲ್ಲಿ, ಅಲ್ಲಲ್ಲಿ ರಸ್ತೆಗೆ ಅಡ್ಡ ಹರಿಯುವ ನೀರು. ಅಲ್ಲಿಯವರು ನಾಲಾ ಅನ್ನುತ್ತಾರೆ. ಹಿಮ ಕರಗಿದ ನೀರು, ಬೆಳಗ್ಗೆ ಎಂಟಕ್ಕೆ ಪಾದ ಮುಳುಗುವಷ್ಟಿದ್ದದ್ದು ಬಿಸಿಲೇರಿದ ಮೇಲೆ ಮೂರು ಗಂಟೆಗೆ ಮೊಣಕಾಲಿಗೆ ಬರುತ್ತದೆ. ನಮ್ಮ ಮುಂದೆ ಸಿಕ್ಕ ಒಂದು ಹ್ಯಾಚ್‌ಬ್ಯಾಕ್ ಮಧ್ಯಾಹ್ನದ ನಾಲಾದಲ್ಲಿ ಬಂಪರ್ ಕಳಚಿಕೊಂಡು ನಿಂತಿತ್ತು. ಗೇರ್ ಬದಲಿಸಲು ನಡುನೀರಿನಲ್ಲಿ ಕ್ಲಚ್ ಒತ್ತಿದ್ದೇ ಕಾರಣ, ವೇಗ ಸತ್ತುಹೋಯಿತು. ಮೊದಲ ಗೇರಿನಲ್ಲಿ ಇಳಿದು, ಆಕ್ಸಿಲರೇಟರ್ ಒಂದೇ ಹದದಲ್ಲಿ ಹಿಡಿದು, ಆಚೆ ದಡ ಸಿಗುವವರೆಗೆ ಕಾಲು ಅಲ್ಲಾಡಿಸಬಾರದು. ಒಬ್ಬರು ಮೊದಲು ನಡೆದು ಕಲ್ಲು ನೋಡಿ ಬಂದರೆ ಇನ್ನೂ ಒಳ್ಳೆಯದು, ಚಪ್ಪಲಿ ಕೊಚ್ಚಿಹೋಗುತ್ತದೆ, ಶೂ ಇರಲಿ.

ಇಲ್ಲಿ ಫೋರ್ ಬೈ ಫೋರ್ ಜಗಳಕ್ಕೆ ಬರೋಣ. ಶ್ರೀನಗರ, ಸರ್ಚು ಎರಡಕ್ಕೂ ಅದು ಬೇಡ. ಪದುಮ್ ದಾರಿಗೆ ಇದ್ದರೆ ನೆಮ್ಮದಿ, ಆದರೆ 200 ಮಿ.ಮೀ. ಆಸುಪಾಸಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ಇರುವ ಅಂತರ) ಅದಕ್ಕಿಂತ ಮುಖ್ಯ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆಯೇ ಅನ್ನುವುದನ್ನೂ ನೋಡಿ. ಐದು ಸಾವಿರ ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅಲ್ಲಿ ಶಕ್ತಿಯಲ್ಲಿ ನಲವತ್ತು ಪರ್ಸೆಂಟ್‌ಗೂ ಹೆಚ್ಚು ಕಳೆದುಕೊಳ್ಳುತ್ತದೆ, ನಾಲ್ಕು ಜನ, ಅವರ ಬ್ಯಾಗು, ತಿರುವಿನ ಏರು ಸೇರಿದರೆ ಮೊದಲ ಗೇರೇ ಗತಿ. ಟರ್ಬೊ ಡೀಸೆಲ್ ಗೊಣಗಿದರೂ ಎಳೆಯುತ್ತದೆ. ಟೈರಿನ ವಿಷಯ ಒಂದು: ಕೆಳಗೆ ತುಂಬಿಸಿದ ಗಾಳಿ ಮೇಲೆ ಗೇಜಿನಲ್ಲಿ ಮೂರ್ನಾಲ್ಕು ಪಿ.ಎಸ್.ಐ. ಹೆಚ್ಚು ತೋರಿಸಬಹುದು, ಹೊರಗಿನ ಒತ್ತಡ ಇಳಿದಿರುತ್ತದಲ್ಲ. ಚಳಿ ಅದನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಜಲ್ಲಿ ಶುರುವಾಗುವ ಮುಂಚೆ ಅಳೆದು ಇಳಿಸಿಕೊಳ್ಳಿ, ಮತ್ತೆ ತುಂಬಲು ಗುಂಪಿಗೊಂದು ಕಂಪ್ರೆಸರ್ ಇರಲಿ. ಸ್ಟೆಪ್ನಿ ಮಾತ್ರ ಪ್ರತಿ ಗಾಡಿಗೂ ಪೂರ್ತಿ ಅಳತೆಯದ್ದೇ ಬೇಕು.

ಗಾಡಿ ಎಷ್ಟಿರಬೇಕು? ಪದುಮ್ ದಾರಿಗೆ ಮೂರು, ಹೆಚ್ಚೆಂದರೆ ನಾಲ್ಕು. ಒಂದೇ ಗಾಡಿಯಲ್ಲಿ ಹೋಗುವುದು ಹುಚ್ಚುತನ, ಎಂಟು ಗಾಡಿ ಹೋಗುವುದು ಮದುವೆ ದಿಬ್ಬಣ. ಹಳ್ಳಿಯ ಹೋಮ್‌ಸ್ಟೇಗಳಲ್ಲಿ ಅಷ್ಟು ಜನರಿಗೆ ಒಟ್ಟಿಗೆ ಜಾಗ ಸಿಗುವುದಿಲ್ಲ, ಹಿಂದಿನ ಗಾಡಿಗಳಿಗೆ ದಾರಿಯುದ್ದಕ್ಕೂ ಧೂಳೇ ಊಟ. ಶ್ರೀನಗರ ದಾರಿಯಲ್ಲಿ ದೊಡ್ಡ ಗುಂಪು ನಡೆಯುತ್ತದೆ, ಊರುಗಳು ಹತ್ತಿರ ಹತ್ತಿರ ಇವೆ. ಎಲ್ಲಿಯೇ ಆಗಲಿ, ದಾರಿ ಬಲ್ಲವನು ಮುಂದೆ, ರಿಪೇರಿ ಬಲ್ಲವನು ಕೊನೆಗೆ. ಕವಲು ಬಂದಾಗ ಹಿಂದಿನ ಗಾಡಿ ಕಣ್ಣಿಗೆ ಬೀಳುವವರೆಗೆ ಮುಂದಿನದು ನಿಲ್ಲಬೇಕು. ಲೈವ್ ಲೊಕೇಶನ್ ಹಾಕಿಕೊಳ್ಳೋಣ ಅನ್ನುವವರಿಗೆ ದಾರ್ಚಾ ದಾಟಿದ ಮೇಲೆ ಫೋನ್ ಬಹುಪಾಲು ಬರೀ ಕ್ಯಾಮೆರಾ ಎಂದು ಮೊದಲೇ ಹೇಳಿಬಿಡಿ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲೂ ಕಾಶ್ಮೀರದಲ್ಲೂ ನಡೆಯುವುದೇ ಇಲ್ಲ, ಗಾಡಿಗೊಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್‌ನ ಪುಟ್ಟ ವಾಕಿಟಾಕಿ ಎರಡು ತಿರುವು ದಾಟಿದರೆ ಗೊರಗೊರ ಅನ್ನುತ್ತದೆ, ಆದರೂ ‘ಎದುರಿಗೆ ಲಾರಿ, ಎಡಕ್ಕೆ ನಿಲ್ಲಿಸು’ ಅನ್ನುವಷ್ಟಕ್ಕೆ ಸಾಕು. ಸ್ಯಾಟಲೈಟ್ ಫೋನ್ ಆಸೆ ಬೇಡ, ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಈ ದೇಶದಲ್ಲಿ ಅಪರಾಧ.

ಇಂಧನಕ್ಕೆ, ಕೆಲಾಂಗ್‌ಗೆ ಮುಂಚೆ ಸಿಗುವ ತಾಂಡಿ ಬಂಕಿನ ಹಳೆಯ ಫಲಕವೇ ಪಾಠ: ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಅದರಲ್ಲಿ ಬರೆದಿತ್ತು. ಕೆಳಗಿನ ಗೇರುಗಳಲ್ಲೇ ಹೆಚ್ಚು ಓಡುವುದರಿಂದ ಮೈಲೇಜ್ ಬೀಳುತ್ತದೆ, ನಾನು ಊರಿನ ಲೆಕ್ಕಕ್ಕೆ ಮೂರನೇ ಒಂದು ಭಾಗ ಸೇರಿಸಿ ತುಂಬಿಸುತ್ತೇನೆ. ಪದುಮ್‌ನ ಬಂಕ್ ನಂಬಿಕೊಂಡು ಹೊರಡಬೇಡಿ, ಇರುವಲ್ಲೆಲ್ಲ ಟ್ಯಾಂಕ್ ತುಂಬಿಸಿ. ಕ್ಯಾನಿನಲ್ಲಿ ಪೆಟ್ರೋಲ್ ಒಯ್ದರೆ ಮೇಲೆ ಮುಚ್ಚಳ ನಿಧಾನಕ್ಕೆ ತಿರುಗಿಸಿ, ಒಳಗಿನ ಆವಿ ನುಗ್ಗಿ ಬರುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ಹೇಳುವ ಸುತ್ತು ಇದು: ಶ್ರೀನಗರದಿಂದ ಹತ್ತಿ, ಕಾರ್ಗಿಲ್‌ನಲ್ಲಿ ಮಲಗಿ, ಲೇಹ್‌ನಲ್ಲಿ ಎರಡು ರಾತ್ರಿ ಸುಮ್ಮನಿದ್ದು, ಇಳಿಯುವಾಗ ನಿಮ್ಮುವಿನಿಂದ ಪದುಮ್, ಶಿಂಕು ಲಾ, ದಾರ್ಚಾ. ಆಗ ಮೈ ಒಗ್ಗಿರುತ್ತದೆ, ಚಾಲಕರ ಕೈ ಪಳಗಿರುತ್ತದೆ. ಗುಂಪಿನಲ್ಲಿ ಚಿಕ್ಕ ಮಕ್ಕಳೋ ಎತ್ತರ ಕಮ್ಮಿಯ ಗಾಡಿಯೋ ಇದ್ದರೆ ಅವರು ಸರ್ಚು ಮೇಲೆ ಇಳಿದು ಜಿಸ್ಪಾದಲ್ಲಿ ಕೂಡಿಕೊಳ್ಳಲಿ. ಜೂನ್‌ನಲ್ಲಿ ಬಾರಾಲಾಚಾದ ಹಿಮದ ಗೋಡೆ ಚೆಂದ, ನಾಲಾಗಳು ಮಾತ್ರ ತುಂಬಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಲಡಾಖ್ ಒಣಗಿದ್ದರೂ ಹಿಮಾಚಲದ ಕಡೆ ಗುಡ್ಡ ಕುಸಿದು ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು. ರಾತ್ರಿ ಚಳಿ ತಡೆಯುತ್ತೀರಿ ಅಂದರೆ ಸೆಪ್ಟೆಂಬರ್ ಮೊದಲ ಎರಡು ವಾರ ಹಿಡಿಯಿರಿ, ನೀರು ಇಳಿದಿರುತ್ತದೆ, ಹೋಮ್‌ಸ್ಟೇಗಳೂ ಇನ್ನೂ ಬಾಗಿಲು ಹಾಕಿರುವುದಿಲ್ಲ.