ಗರ್ಭಿಣಿಯರಿಗೆ ವಿಟಮಿನ್ ಡಿ: ಮಾತ್ರೆ, ಹನಿ, ಸ್ಯಾಶೆ, ಗಮ್ಮಿಗಳಲ್ಲಿ ಯಾವುದು ಕೊಳ್ಳುವಂಥದ್ದು?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದಿನಕ್ಕೊಂದು ನುಂಗುವ, 400ರಿಂದ 1000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ3 ಮಾತ್ರ ಇರುವ ಸಾದಾ ಮಾತ್ರೆ ಅಥವಾ ಸಾಫ್ಟ್‌ಜೆಲ್‌ಗೆ ಮೊದಲ ಸ್ಥಾನ. ಅಳತೆ ಸರಿಯಾಗಿ ಗೊತ್ತಿದ್ದರೆ ಹನಿಯೂ ಆಗಬಹುದು. 60,000 ಐಯು ಸ್ಯಾಶೆ (ಪುಡಿಯ ಪೊಟ್ಟಣ) ವೈದ್ಯರು ಬರೆದುಕೊಟ್ಟರೆ ಮಾತ್ರ. ಮಿಠಾಯಿಯಂತೆ ಜಗಿಯುವ ಗಮ್ಮಿ ಬೇಡ. ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆದ ಕಾಡ್ ಲಿವರ್ ಎಣ್ಣೆಯಂತೂ ಬೇಡವೇ ಬೇಡ.

ಅಂಗಡಿಗೆ ಹೋಗುವ ಮೊದಲು ಒಂದು ಲೆಕ್ಕ ತಿಳಿದಿರಲಿ: 40 ಐಯು ಅಂದರೆ 1 ಮೈಕ್ರೋಗ್ರಾಂ. ಒಂದು ಡಬ್ಬಿಯ ಮೇಲೆ 10 ಮೈಕ್ರೋಗ್ರಾಂ, ಇನ್ನೊಂದರ ಮೇಲೆ 400 ಐಯು ಎಂದಿದ್ದರೆ ಎರಡೂ ಒಂದೇ. ಗರ್ಭಿಣಿಗೆ ಎಷ್ಟು ಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನ ಆರೋಗ್ಯ ಸೇವೆ ದಿನಕ್ಕೆ 400 ಐಯು ತೆಗೆದುಕೊಳ್ಳಿ ಎನ್ನುತ್ತದೆ. ಅಮೆರಿಕದ ಲೆಕ್ಕದಲ್ಲಿ ಆಹಾರವೂ ಸೇರಿ 600. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಕೊಡಿ ಎನ್ನುವುದಿಲ್ಲ, ಕೊರತೆಯ ಅನುಮಾನವಿದ್ದವರಿಗೆ 200 ಸಾಕೆನ್ನುತ್ತದೆ. ಇವೆಲ್ಲದರ ಮೇಲೆ ನೆನಪಿಡಬೇಕಾದ ಅಂಕಿ 4000 ಐಯು. ವೈದ್ಯರ ನಿಗಾ ಇಲ್ಲದೆ ದಿನದ ಒಟ್ಟು ಪ್ರಮಾಣ ಅದನ್ನು ದಾಟಬಾರದು.

ಎಡವುವುದು ಈ 'ಒಟ್ಟು' ಎಂಬಲ್ಲೇ. ಮಲ್ಟಿವಿಟಮಿನ್‌ನಲ್ಲಿ 400, ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆಗಳಲ್ಲಿ 250ರಂತೆ 500, ಬೇರೆಯಾಗಿ ಕೊಂಡ ಡಿ3ಯಲ್ಲಿ 1000 ಇದ್ದರೆ ಆಗಲೇ 1900 ಆಯಿತು. ಅದರ ಜೊತೆಗೆ ವಾರಕ್ಕೊಂದು 60,000ದ ಸ್ಯಾಶೆ ಸೇರಿದರೆ, ದಿನಕ್ಕೆ ಹಂಚಿದಾಗ ಇನ್ನೂ 8500ಕ್ಕಿಂತ ಹೆಚ್ಚು. ಆದ್ದರಿಂದ ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ಮುಂದಿಟ್ಟುಕೊಂಡು ಕೂಡಿಸಿ ನೋಡಿ, ಆಮೇಲೆ ಹೊಸದನ್ನು ಕೊಳ್ಳಿ.

ಮಾತ್ರೆ, ಸಾಫ್ಟ್‌ಜೆಲ್‌ಗಳ ದೊಡ್ಡ ಗುಣ ಅಳತೆ ತಪ್ಪದಿರುವುದು. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಹಾಗಾಗಿ ಎಣ್ಣೆ, ತುಪ್ಪ ಅಥವಾ ಹಾಲಿನ ಅಂಶವಿರುವ ಊಟದ ಜೊತೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೀರಿಕೆ ಕಡಿಮೆ. ಲೇಬಲ್‌ನಲ್ಲಿ 'ಕೊಲೆಕ್ಯಾಲ್ಸಿಫೆರಾಲ್' ಎಂದಿದ್ದರೆ ಅದು ಡಿ3. 'ಎರ್ಗೊಕ್ಯಾಲ್ಸಿಫೆರಾಲ್' ಎಂದಿದ್ದರೆ ಡಿ2. ರಕ್ತದ ಮಟ್ಟವನ್ನು ಹೆಚ್ಚು ಏರಿಸಿ ಹೆಚ್ಚು ದಿನ ಉಳಿಸುವುದು ಡಿ3. ಸಾಮಾನ್ಯವಾಗಿ ಅದನ್ನು ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ, ಸಾಫ್ಟ್‌ಜೆಲ್‌ನ ಹೊದಿಕೆಯೂ ಹೆಚ್ಚಾಗಿ ಜೆಲಟಿನ್. ಪ್ರಾಣಿಮೂಲ ಬೇಡವೆನ್ನುವವರಿಗೆ ಕಲ್ಲುಹೂವಿನಿಂದ ತೆಗೆದ ಡಿ3 ಸಿಗುತ್ತದೆ.

ಗುಣಮಟ್ಟದ ಬಗ್ಗೆಯೂ ಎಚ್ಚರ ಬೇಕು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಮಾತ್ರೆಗಳೊಳಗಿನ ವಿಟಮಿನ್ ಡಿ, ಲೇಬಲ್ ಹೇಳಿದ್ದರ ಶೇ. 9ರಿಂದ ಶೇ. 146ರವರೆಗೆ ಏರುಪೇರಾಗಿತ್ತು. ಔಷಧಗಳ ಗುಣಮಟ್ಟ ನಿಗದಿಪಡಿಸುವ ಅಮೆರಿಕದ ಯುಎಸ್‌ಪಿಯಂಥ ಸ್ವತಂತ್ರ ಸಂಸ್ಥೆಯ ಪರಿಶೀಲನಾ ಮುದ್ರೆ ಇರುವುದಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ವಾಕರಿಕೆಯಿಂದ ಮಾತ್ರೆ ಗಂಟಲಲ್ಲಿ ಇಳಿಯದವರಿಗೆ ಹನಿ ನಿಜಕ್ಕೂ ಅನುಕೂಲ. ಅಪಾಯ ಇರುವುದು ಸಾಂದ್ರತೆಯಲ್ಲಿ. ಒಂದು ಬಾಟಲಿಯಲ್ಲಿ 1 ಮಿಲೀಗೆ 400 ಐಯು ಇದ್ದರೆ, ಪಕ್ಕದಲ್ಲಿರುವ ಅದೇ ಗಾತ್ರದ ಬಾಟಲಿಯಲ್ಲಿ ಒಂದೇ ಹನಿಗೆ 400 ಐಯು ಇರಬಹುದು. ಎರಡನೆಯದನ್ನೂ ಮೊದಲಿನ ರೂಢಿಯಲ್ಲಿ 1 ಮಿಲೀ ಕುಡಿದರೆ, ಮಿಲೀಗೆ 25 ಹನಿ ಹಿಡಿದರೂ 10,000 ಐಯು ಒಳಗೆ ಹೋಯಿತು. ಶಿಶುಗಳ ಹನಿಯಲ್ಲಿ ಇಂಥದೇ ತಪ್ಪು ಆಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಬಾಟಲಿಯ ಜೊತೆ ಬಂದ ಡ್ರಾಪರ್ ಬಿಟ್ಟು ಬೇರೆಯದನ್ನು ಬಳಸಬೇಡಿ. ನೇರವಾಗಿ ಬಾಯಿಗೆ ಬಿಟ್ಟುಕೊಂಡರೆ ಎಣಿಕೆ ತಪ್ಪುತ್ತದೆ, ಚಮಚಕ್ಕೆ ಬಿಟ್ಟು ಎಣಿಸಿ. ಎಣ್ಣೆಯ ಹನಿ ಚಮಚಕ್ಕೇ ಅಂಟಿಕೊಳ್ಳುವುದರಿಂದ ಒಂದು ತುತ್ತು ಅನ್ನವನ್ನು ಅದರಲ್ಲಿ ಒರೆಸಿ ತಿನ್ನಿ.

60,000ದ ಸ್ಯಾಶೆ ಕೆಟ್ಟ ಉತ್ಪನ್ನವಲ್ಲ, ತೀವ್ರ ಕೊರತೆಯನ್ನು ಬೇಗ ತುಂಬಿಸುವ ಔಷಧ. ಆದರೆ 'ವಾರಕ್ಕೊಂದು' ಎಂದದ್ದನ್ನು 'ದಿನಕ್ಕೊಂದು' ಎಂದು ತಿಳಿದು ತೆಗೆದುಕೊಂಡರೆ ವಿಷವಾಗುತ್ತದೆ. ಎಷ್ಟು ವಾರ ಎಂದು ಕೇಳಿ, ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ.

ಗಮ್ಮಿಯಲ್ಲಿ ಸಕ್ಕರೆ ಇರುತ್ತದೆ, ಮನೆಯ ಮಕ್ಕಳು ಮಿಠಾಯಿ ಎಂದುಕೊಂಡು ಹಿಡಿಗಟ್ಟಲೆ ತಿನ್ನಬಹುದು. ಕಾಡ್ ಲಿವರ್ ಎಣ್ಣೆಯಲ್ಲಿ ಡಿ ಜೊತೆಗೆ ರೆಟಿನಾಲ್ ರೂಪದ ವಿಟಮಿನ್ ಎ ಕೂಡ ಇದೆ. ಅದು ಹೆಚ್ಚಾದರೆ ಭ್ರೂಣದ ಅಂಗಗಳು ವಿಕಾರಗೊಳ್ಳಬಹುದು.

ಕ್ಯಾಲ್ಸಿಯಂ ಜೊತೆ ಬೆರೆಸಿದ ಮಾತ್ರೆ ಕೊಳ್ಳುವಾಗ ಎರಡು ವಿಷಯ ಗಮನಿಸಿ. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಕನಿಷ್ಠ 2 ಗಂಟೆ ಅಂತರವಿರಲಿ, ಥೈರಾಯ್ಡ್ ಮಾತ್ರೆಗೆ 4 ಗಂಟೆ. ಎರಡನೆಯದು ಇನ್ನೂ ಮುಖ್ಯ: ಕೆಲವು ಮಾತ್ರೆಗಳಲ್ಲಿ ಡಿ3 ಬದಲು 0.25 ಮೈಕ್ರೋಗ್ರಾಂ ಕ್ಯಾಲ್ಸಿಟ್ರಿಯಾಲ್ ಇರುತ್ತದೆ. ಅಂಕಿ ಚಿಕ್ಕದೆಂದು ಮೋಸಹೋಗಬೇಡಿ. ಅದು ನೇರವಾಗಿ ಕೆಲಸ ಮಾಡುವ ಹಾರ್ಮೋನು. ದೇಹದ ವಿಟಮಿನ್ ಡಿ ಸಂಗ್ರಹವನ್ನು ತುಂಬಿಸುವುದಿಲ್ಲ, ರಕ್ತದ ಕ್ಯಾಲ್ಸಿಯಂ ಅನ್ನು ಮಾತ್ರ ಬೇಗ ಏರಿಸಬಲ್ಲದು.

ಹಾಗಾದರೆ ಇದರಿಂದ ಏನು ಸಿಗುತ್ತದೆ? ಮಗುವಿಗೆ ಬರುವ ವಿಟಮಿನ್ ಡಿ ತಾಯಿಯಿಂದಲೇ, ಆದ್ದರಿಂದ ಕೊರತೆ ನೀಗುವುದು ಇಬ್ಬರಿಗೂ ಒಳ್ಳೆಯದು. ಅದರಾಚೆಗೆ ಡಬ್ಬಿಯ ಮೇಲಿನ ದೊಡ್ಡ ಮಾತುಗಳನ್ನು ನಂಬಬೇಡಿ. ಬಾಂಗ್ಲಾದೇಶದಲ್ಲಿ ಸುಮಾರು 1300 ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ 28,000 ಐಯುವರೆಗೆ ಕೊಟ್ಟರೂ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಪರೀಕ್ಷೆ ಮಾಡಿಸುವುದಾದರೆ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂದೇ ಕೇಳಿ. 1,25 ಎಂಬ ಇನ್ನೊಂದು ಪರೀಕ್ಷೆಯ ಅಂಕಿ ಗರ್ಭಾವಸ್ಥೆಯಲ್ಲಿ ತಾನಾಗಿಯೇ ಎರಡು ಮೂರು ಪಟ್ಟು ಏರುವುದರಿಂದ ದಾರಿ ತಪ್ಪಿಸುತ್ತದೆ. ವರದಿಯಲ್ಲಿ ಮಿಲೀಗೆ 20 ನ್ಯಾನೋಗ್ರಾಂ ಅಂದರೂ ಲೀಟರಿಗೆ 50 ನ್ಯಾನೋಮೋಲ್ ಅಂದರೂ ಒಂದೇ. ಪ್ರಮಾಣ ಬದಲಿಸಿದ ಮೇಲೆ ಮಟ್ಟ ನೆಲೆಗೊಳ್ಳಲು ಸುಮಾರು 3 ತಿಂಗಳು ಬೇಕು, ಅದಕ್ಕಿಂತ ಮೊದಲೇ ಮತ್ತೆ ಪರೀಕ್ಷೆ ಮಾಡಿಸಿದರೆ ಹಣ ದಂಡ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಕೆಲವು ಯಂತ್ರಗಳಲ್ಲಿ ಅದು ಸುಳ್ಳು ಅಂಕಿ ತೋರಿಸುತ್ತದೆ.

ಮೂತ್ರಪಿಂಡದ ಕಲ್ಲು, ಸಾರ್ಕಾಯ್ಡೋಸಿಸ್, ಪ್ಯಾರಾಥೈರಾಯ್ಡ್ ತೊಂದರೆ ಇರುವವರು, ಮೂರ್ಛೆರೋಗದ ಔಷಧಗಳಾದ ಫೆನಿಟಾಯಿನ್, ಕಾರ್ಬಮಝೆಪಿನ್ ಅಥವಾ ಕ್ಷಯದ ಔಷಧ ರಿಫಾಂಪಿಸಿನ್ ತೆಗೆದುಕೊಳ್ಳುವವರು ತಾವಾಗಿ ಯಾವುದನ್ನೂ ಕೊಳ್ಳಬಾರದು. ಪ್ರಮಾಣ ಮೀರಿದಾಗ ಕಾಣುವ ವಾಂತಿ, ಮಲಬದ್ಧತೆ, ಪದೇ ಪದೇ ಮೂತ್ರ ಎಲ್ಲವೂ ಬಸಿರಿನ ಲಕ್ಷಣಗಳಂತೆಯೇ ಇರುತ್ತವೆ. ಅದರ ಜೊತೆ ವಿಪರೀತ ಬಾಯಾರಿಕೆ, ಮಂಕು ಸೇರಿಕೊಂಡರೆ ಮಾತ್ರೆ ನಿಲ್ಲಿಸಿ, ಅಂದೇ ವೈದ್ಯರನ್ನು ಕಂಡು ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಹೋಗುವಾಗ ನುಂಗುತ್ತಿದ್ದ ಎಲ್ಲ ಡಬ್ಬಿಗಳನ್ನೂ ಜೊತೆಗೆ ಒಯ್ಯಿರಿ.