ಸುಟ್ಟ ಇಸಿಯು ದುರಸ್ತಿ: ಎರಡು ಮಳೆಗಾಲ ದಾಟಿದ ಮೇಲೆ

ಎಂಜಿನ್ನಿನ ಇಸಿಯು, ಅಂದರೆ ಅದನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಕೆಟ್ಟರೆ ಹೊಸದು ಹಾಕಿಸಬೇಕೋ, ಹಳೆಯದನ್ನೇ ದುರಸ್ತಿ ಮಾಡಿಸಬೇಕೋ ಎಂಬ ಗೊಂದಲದಲ್ಲಿರುವವರಿಗೆ ಈ ಮಾತು. ನನ್ನದು ಹಳೆಯ ಪೆಟ್ರೋಲ್ ಕಾರು, ಓಡಾಟವೆಲ್ಲ ಉಡುಪಿ–ಮಂಗಳೂರು ನಡುವೆ. ಮಂಗಳೂರಿನ ಸಣ್ಣದೊಂದು ಅಂಗಡಿಯಲ್ಲಿ ದುರಸ್ತಿಯಾದ ಇಸಿಯು ಎರಡು ಮಳೆಗಾಲ ಕಳೆದರೂ ತಕರಾರು ತೆಗೆದಿಲ್ಲ.

ಆಗ ಎಂಜಿನ್ ನಡುಗುತ್ತಿತ್ತು, ಏರಿನಲ್ಲಿ ಎಳೆತವೇ ಇರಲಿಲ್ಲ. ಸ್ಕ್ಯಾನರ್ ತೋರಿಸಿದ ಕೋಡ್ ಪಿ0351, ಅಂದರೆ ಒಂದು ಇಗ್ನಿಷನ್ ಕಾಯಿಲ್‌ನ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಸರ್ಕ್ಯೂಟಿನಲ್ಲಿ ದೋಷ. ಕಾಯಿಲ್ ಬದಲಿಸಿದರೂ ಕೋಡ್ ಹೋಗಲಿಲ್ಲ. ಸರ್ವಿಸ್ ಸೆಂಟರಿನವರು ಇಡೀ ಇಸಿಯು ಬದಲಿಸಲು ಅಂದಾಜುಪಟ್ಟಿ ಕೊಟ್ಟರು. ಅದು ಏಕೆ ಸುಟ್ಟಿತು ಎಂದರೆ ಯಾರಲ್ಲೂ ಉತ್ತರವಿಲ್ಲ.

ದುರಸ್ತಿಯವರು ಕೇಳಿದ ಮೊದಲ ಪ್ರಶ್ನೆಯೇ "ಹಳೆಯ ಕಾಯಿಲ್ ಎಲ್ಲಿ?" ಎಂದು. ಮಲ್ಟಿಮೀಟರ್ ಹಿಡಿದು ನೋಡಿದರೆ ಅದು ಒಳಗೇ ಶಾರ್ಟ್ ಆಗಿತ್ತು. ಇಸಿಯು ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲಿದ್ದ ಮೆತ್ತನೆಯ ಜೆಲ್ಲನ್ನು ಮರದ ಕಡ್ಡಿಯಿಂದ ನಿಧಾನವಾಗಿ ಕೆರೆದರು. ಕೆಳಗೆ ಉಗುರಿನಷ್ಟು ಅಗಲದ ಟ್ರಾನ್ಸಿಸ್ಟರ್, ಅದರ ಒಂದು ಮೂಲೆ ಸೀದು ಕಪ್ಪಾಗಿತ್ತು.

ಇಸಿಯು ಕೆಲಸ ಲೆಕ್ಕ ಹಾಕುವುದಷ್ಟೇ ಅಲ್ಲ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಎಲ್ಲಿದೆ, ಎಷ್ಟು ಗಾಳಿ ಬಂತು, ಕೂಲಂಟ್ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಸೆನ್ಸರುಗಳಿಂದ ತಿಳಿದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಕಿಡಿ ಯಾವಾಗ ಹಾರಬೇಕು ಎಂದು ಅದು ತೀರ್ಮಾನಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ನನ್ನ ಕಾರಿನಲ್ಲಿ ಕಾಯಿಲ್‌ನ ಕರೆಂಟನ್ನು ಹರಿಸಿ ಕಡಿಯುವುದೂ ಇಸಿಯು ಒಳಗಿನ ಈ ಟ್ರಾನ್ಸಿಸ್ಟರುಗಳೇ. ಕಾಯಿಲ್ ಶಾರ್ಟ್ ಆದರೆ ಮಿತಿಮೀರಿದ ಕರೆಂಟ್ ಹರಿದು ಅವು ಸುಡುತ್ತವೆ. ಕೆಟ್ಟ ಕಾಯಿಲ್ ಉಳಿಸಿಕೊಂಡು ಹೊಸ ಇಸಿಯು ಹಾಕಿದ್ದರೆ ಅದಕ್ಕೂ ಅದೇ ಗತಿ.

ನಮ್ಮ ಕರಾವಳಿಯಲ್ಲಿ ಇನ್ನೂ ಎರಡು ಶತ್ರುಗಳಿವೆ: ಕನೆಕ್ಟರ್ ಪಿನ್ನುಗಳಲ್ಲಿ ಕಟ್ಟುವ ಹಸಿರು ಕಿಲುಬು ಮತ್ತು ವೈರು ಕಡಿಯುವ ಇಲಿ. ಸೆನ್ಸರುಗಳಿಗೆ ಹೋಗುವ 5 ವೋಲ್ಟ್ ವೈರಿನ ಇನ್ಸುಲೇಷನ್ ಕಿತ್ತು ಅದು ಕಾರಿನ ಲೋಹದ ಮೈಗೆ ತಾಗಿದರೆ ಒಟ್ಟಿಗೇ ನಾಲ್ಕಾರು ಕೋಡ್ ಬರುತ್ತವೆ. ಇಸಿಯು ಸತ್ತಿತೆಂದು ತೀರ್ಪು ಕೊಡುವವರು ಆಗ ಬಹಳ ಜನ. ಸಡಿಲ ಅರ್ಥಿಂಗ್ ಕೂಡ ಇದೇ ನಾಟಕ ಆಡಿಸುತ್ತದೆ.

ಖರ್ಚು ಹೊಸದರ ಬೆಲೆಯ ಕಾಲು ಭಾಗವೂ ಆಗಲಿಲ್ಲ. ನಮ್ಮದೇ ಇಸಿಯು ಆದ್ದರಿಂದ ಕಳ್ಳತನ ತಡೆಯುವ ಇಮ್ಮೊಬಿಲೈಸರಿಗೆ ಕೀಲಿಯನ್ನು ಮತ್ತೆ ಹೊಂದಿಸುವ ತಲೆನೋವೂ ಬರಲಿಲ್ಲ. ಗುಜರಿಯಿಂದ ಬೇರೆ ಕಾರಿನದು ತಂದಿದ್ದರೆ ಆ ಕೆಲಸ ತಪ್ಪುತ್ತಿರಲಿಲ್ಲ.

ಕೊರತೆಯೂ ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ. ವಾರಂಟಿ ಆರು ತಿಂಗಳದ್ದು, ಅದೂ ಬಾಯಿಮಾತಿನದು. ಏನು ಬದಲಿಸಿದೆವು ಎಂದು ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ, "ರಿಪೇರಿ" ಎಂದಷ್ಟೇ. ಐದರಲ್ಲಿ ನಾಲ್ಕು ಸ್ಟಾರ್.