7800ಎಕ್ಸ್3ಡಿಗೆ ಗಾಳಿ ಕೂಲರೇ ಸಾಕು: ಒಂದೇ ಪಿಸಿಯಲ್ಲಿ ಎರಡನ್ನೂ ಹಾಕಿ ನೋಡಿದ ಮೇಲೆ

ಪಿಸಿಯ ಪ್ರೊಸೆಸರನ್ನು ತಣ್ಣಗಿಡಲು ಗಾಳಿ ಕೂಲರೋ, ನೀರಿನ ಕೂಲರೋ? ನೇರವಾಗಿ ಹೇಳಿಬಿಡುತ್ತೇನೆ, ನನ್ನ ಓಟು ಗಾಳಿ ಕೂಲರ್‌ಗೆ. ಆಟಕ್ಕೆ ಅಂತಲೇ ಒಂದೂವರೆ ಎರಡು ಲಕ್ಷ ಸುರಿದು ಪಿಸಿ ಕಟ್ಟಿಸುವವರಿಗೆ ಅಂಗಡಿಯವರು ಕಣ್ಣು ಮುಚ್ಚಿ 360 ಎಂಎಂ ನೀರಿನ ಕೂಲರ್ ಸೇರಿಸಿಬಿಡುತ್ತಾರೆ. ಕೊಟೇಶನ್‌ನಲ್ಲಿ ಮೊದಲು ಕತ್ತರಿ ಆಡಿಸಬೇಕಾದ ಸಾಲು ಅದೇ.

ನನ್ನ ಪಿಸಿಯಲ್ಲಿರುವುದು ಎಎಂಡಿಯ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 4070 ಟಿಐ ಸೂಪರ್ ಗ್ರಾಫಿಕ್ಸ್ ಕಾರ್ಡ್, 32 ಜಿಬಿ ಡಿಡಿಆರ್5 ರ‍್ಯಾಮ್, ಮುಂದೆ ಜಾಲರಿ ಇರುವ ಕ್ಯಾಬಿನೆಟ್. ಬಿಡಿಭಾಗಗಳು ಬೆಂಗಳೂರಿನ ಎಸ್‌ಪಿ ರೋಡಿನವು, ಪಿಸಿ ಇರುವುದು ಕಲಬುರಗಿಯ ಮನೆಯಲ್ಲಿ. ಊರಿನ ಹೆಸರು ಹೇಳಿದ್ದು ಸುಮ್ನೆ ಅಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರೂಮಿನಲ್ಲಿ ಎಸಿ ಇಲ್ಲ. ರಾತ್ರಿ ಊಟ ಆದ ಮೇಲೆ ಆಡಲು ಕೂತರೂ ರೂಮು ಕಾದೇ ಇರುತ್ತದೆ. ಇಲ್ಲಿ ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ ಖಂಡಿತ ನಡೆಯುತ್ತದೆ.

ಮೊದಲು ಇದ್ದದ್ದು ಮೂರು ಫ್ಯಾನಿನ 360 ಎಂಎಂ ನೀರಿನ ಕೂಲರ್: ಪ್ರೊಸೆಸರ್‌ನ ಬಿಸಿಯನ್ನು ಹೊತ್ತ ನೀರನ್ನು ಪಂಪ್ ರೇಡಿಯೇಟರ್‌ಗೆ ಓಡಿಸುತ್ತದೆ, ಅಲ್ಲಿ ಫ್ಯಾನ್‌ಗಳು ಅದನ್ನು ತಣ್ಣಗೆ ಮಾಡುತ್ತವೆ. ಕಂಪನಿ ಹೆಸರು ಬೇಡ. ಈಗ ಇರುವುದು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ: ಲೋಹದ ರೆಕ್ಕೆಗಳ ಎರಡು ಗೋಪುರ, ಎರಡು ಫ್ಯಾನ್, ಬಿಸಿಯನ್ನು ಗೋಪುರಕ್ಕೆ ಸಾಗಿಸುವ ಆರು ಕೊಳವೆ (ಹೀಟ್‌ಪೈಪ್).

ತಣ್ಣಗಿಡುವ ವಿಷಯದಲ್ಲಿ ಎರಡಕ್ಕೂ ಇರುವ ಅಂತರ ನೀವು ಅಂದುಕೊಂಡಷ್ಟಿಲ್ಲ. ಬೇಸಿಗೆ ರಾತ್ರಿಯಲ್ಲಿ ಅದೇ ಆಟ, ಅದೇ ಸೆಟ್ಟಿಂಗ್ ಇಟ್ಟು ನೋಡಿದರೆ ನೀರಿನ ಕೂಲರ್‌ನಲ್ಲಿ ಪ್ರೊಸೆಸರ್ 75 ಡಿಗ್ರಿ ಆಸುಪಾಸು ಇರುತ್ತಿತ್ತು. ಗಾಳಿ ಕೂಲರ್‌ನಲ್ಲಿ ಅದಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ. ಆಟದಲ್ಲಿ ಸೆಕೆಂಡಿಗೆ ಬರುವ ಫ್ರೇಮ್‌ಗಳಲ್ಲಿ ವ್ಯತ್ಯಾಸವೇ ಇಲ್ಲ. ಈ ಚಿಪ್‌ಗೆ ಎಎಂಡಿ ಇಟ್ಟಿರುವ ಮಿತಿ 89 ಡಿಗ್ರಿ. ಅಲ್ಲಿಗೆ ಮುಟ್ಟದಿದ್ದರೆ ಆಟಕ್ಕೇನೂ ತೊಂದರೆ ಇಲ್ಲ.

ಅಂತರ ಇಷ್ಟು ಕಮ್ಮಿ ಯಾಕೆ ಅಂದರೆ, ಇಲ್ಲಿ ಅಡ್ಡಿ ಇರುವುದು ಕೂಲರ್‌ನಲ್ಲಿ ಅಲ್ಲ, ಚಿಪ್‌ನ ಒಳಗೆ. 7800ಎಕ್ಸ್3ಡಿಯಲ್ಲಿ ಹೆಚ್ಚುವರಿ 64 ಎಂಬಿ ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) ಇರುವ ಸಿಲಿಕಾನ್ ತುಂಡನ್ನು, ಲೆಕ್ಕ ಮಾಡುವ ಕೋರ್‌ಗಳಿರುವ ತುಂಡಿನ ಮೇಲೆ ಕೂರಿಸಿದ್ದಾರೆ. ಕೋರ್‌ನ ಬಿಸಿ ಆ ಪದರಗಳನ್ನೆಲ್ಲ ದಾಟಿ ಮೇಲೆ ಬರಬೇಕು. ಮೇಲೆ ನೀವು ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೂ ಆ ದಾರಿ ಅಗಲ ಆಗುವುದಿಲ್ಲ. ಅದೂ ಅಲ್ಲದೆ ಆಟ ಆಡುವಾಗ ಇದು ಎಳೆಯುವ ಕರೆಂಟೇ ಕಮ್ಮಿ, ನನ್ನಲ್ಲಿ 70 ವ್ಯಾಟ್ ಆಸುಪಾಸು. ಅಷ್ಟನ್ನು ಹೊರಗೆ ಹಾಕಲು ಎರಡು ಗೋಪುರದ ಕೂಲರ್‌ಗೆ ಏನೂ ಕಷ್ಟವಿಲ್ಲ.

ಈಗ ಪಂಪಿನ ಕಥೆ. ನನ್ನ ಮನಸ್ಸು ಬದಲಾಗಿದ್ದು ಇದರಿಂದಲೇ.

ಗಾಳಿ ಕೂಲರ್‌ನಲ್ಲಿ ಓಡಾಡುವ ಭಾಗ ಅಂದರೆ ಫ್ಯಾನ್ ಒಂದೇ. ನೀರಿನ ಕೂಲರ್‌ನಲ್ಲಿ ಫ್ಯಾನಿನ ಜೊತೆ ಪಂಪ್ ಇದೆ, ಆ ಪಂಪ್ ಪಿಸಿ ಆನ್ ಇರುವಷ್ಟೂ ಹೊತ್ತು ತಿರುಗುತ್ತಲೇ ಇರಬೇಕು. ನನ್ನದರಲ್ಲಿ ವಾರಂಟಿ ಮುಗಿಯುವ ಮೊದಲೇ ತಕರಾರು ಶುರುವಾಯಿತು. ಆಟ ಶುರು ಮಾಡಿದಾಗ ಎಲ್ಲ ಸರಿ, ಸ್ವಲ್ಪ ಹೊತ್ತಿಗೆ ಚಿತ್ರ ತಡವರಿಸುವುದು. ನೋಡಿದರೆ ಪ್ರೊಸೆಸರ್ 89 ಡಿಗ್ರಿಗೆ ಮುಟ್ಟಿ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಮೂರೂ ಫ್ಯಾನ್ ಜೋರಾಗಿ ಕೂಗುತ್ತಿದ್ದವು. ರೇಡಿಯೇಟರ್ ಮೇಲೆ ಕೈ ಹಿಡಿದರೆ ಹೊರಗೆ ಬರುತ್ತಿದ್ದ ಗಾಳಿಗೆ ಬಿಸಿಯೇ ಇಲ್ಲ. ಪ್ರೊಸೆಸರ್ ಸುಡುತ್ತಿದೆ, ರೇಡಿಯೇಟರ್ ತಣ್ಣಗಿದೆ ಅಂದರೆ ನಡುವೆ ನೀರು ಸರಿಯಾಗಿ ಓಡುತ್ತಿಲ್ಲ ಅಂತ ಅರ್ಥ.

ಬಯೋಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್‌ಗಳ ಪರದೆ) ಮಾತ್ರ ಪಂಪಿನ ಆರ್‌ಪಿಎಂ, ಅಂದರೆ ತಿರುಗುವ ವೇಗ, ಎಂದಿನಂತೆಯೇ ಇತ್ತು. ಪತ್ತೆ ಹಚ್ಚಲು ಹೆಚ್ಚು ತಲೆಕೆಡಿಸಿದ್ದು ಇದೇ. ಮೋಟರ್ ತಿರುಗುತ್ತಿದ್ದರೂ, ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆಯೊಳಗಿನ ಸಣ್ಣ ಸಣ್ಣ ಸೀಳುಗಳಲ್ಲಿ ಕಸ ಕಟ್ಟಿದರೆ ನೀರು ಮುಂದೆ ಹೋಗುವುದಿಲ್ಲ. ಸೀಲ್ ಆಗಿ ಬರುವ ಕೂಲರ್ ಆದ್ದರಿಂದ ಬಿಚ್ಚಿ ತೊಳೆಯುವ ಹಾಗೂ ಇಲ್ಲ, ಬಿಚ್ಚಿದರೆ ವಾರಂಟಿ ಹೋಯಿತು.

ಕಂಪನಿಯವರು ಬದಲಿ ಕೊಡಲಿಲ್ಲ ಅಂತ ಹೇಳಲಾರೆ, ಕೊಟ್ಟರು. ಆದರೆ ಹಳೆಯದನ್ನು ಕೊರಿಯರ್ ಮಾಡಿ, ಅವರು ನೋಡಿ, ಹೊಸದು ಬರುವವರೆಗೆ ಪಿಸಿ ಆನ್ ಮಾಡುವ ಹಾಗಿಲ್ಲ ಅಲ್ವಾ? 7800ಎಕ್ಸ್3ಡಿ ಡಬ್ಬಿಯಲ್ಲಿ ಕೂಲರ್ ಕೊಡುವುದೂ ಇಲ್ಲ. ನನ್ನ ಆಫೀಸ್ ಕೆಲಸವೂ ಅದೇ ಪಿಸಿಯಲ್ಲಿ. ಬೆಂಗಳೂರಿನಲ್ಲಿದ್ದರೆ ಸಂಜೆ ಎಸ್‌ಪಿ ರೋಡಿಗೆ ಹೋಗಿ ಒಂದು ತಂದುಕೊಳ್ಳಬಹುದಿತ್ತು. ಇಲ್ಲಿ ಆನ್‌ಲೈನ್‌ನಲ್ಲೇ ತರಿಸಬೇಕಾಯಿತು. ಹಾಗೆ ಬಂದದ್ದು ಈ ಗಾಳಿ ಕೂಲರ್, ನಾಲ್ಕು ಸಾವಿರದ ಒಳಗೆ. ಇದರ ಫ್ಯಾನ್ ಒಂದು ದಿನ ನಿಂತರೂ ಇನ್ನೊಂದು ಫ್ಯಾನ್ ಪಿಸಿಯನ್ನು ನಡೆಸುತ್ತದೆ. ಯಾವ ಅಂಗಡಿಯಲ್ಲಾದರೂ ಸಿಗುವ 120 ಎಂಎಂ ಫ್ಯಾನ್ ತಂದು ಸಿಕ್ಕಿಸಿದರೆ ಕೆಲಸ ಮುಗಿಯಿತು. ಕೆಟ್ಟಾಗ ಏನಾಗುತ್ತದೆ ಅನ್ನುವುದನ್ನು ಯಾರೂ ಗ್ರಾಫ್‌ನಲ್ಲಿ ತೋರಿಸುವುದಿಲ್ಲ. ನನಗೆ ಡಿಗ್ರಿಗಿಂತ ಅದೇ ಮುಖ್ಯ.

ಬದಲಿ ಬಂದ ನೀರಿನ ಕೂಲರನ್ನು ಅದೇ ಬೇಸಿಗೆಯಲ್ಲಿ ಮತ್ತೆ ಹಾಕಿ ನೋಡಿದೆ. ಮೇಲೆ ಹೇಳಿದ ಲೆಕ್ಕ ಅದರದ್ದೇ, ಕೆಟ್ಟದ್ದರದ್ದಲ್ಲ. ನಾಲ್ಕೈದು ಡಿಗ್ರಿಗಾಗಿ ಅದನ್ನು ಇಟ್ಟುಕೊಳ್ಳಬೇಕು ಅನ್ನಿಸಲಿಲ್ಲ, ಮಾರಿಬಿಟ್ಟೆ.

ರೇಡಿಯೇಟರನ್ನು ಎಲ್ಲಿ ಕೂರಿಸುವುದು ಅನ್ನುವುದೂ ಒಂದು ತಲೆನೋವು. ಈ ಪಿಸಿಯಲ್ಲಿ ನಿಜವಾದ ಒಲೆ ಗ್ರಾಫಿಕ್ಸ್ ಕಾರ್ಡ್, 285 ವ್ಯಾಟ್. ರೇಡಿಯೇಟರ್ ಮೇಲಿದ್ದರೆ ಕಾರ್ಡ್ ಬಿಟ್ಟ ಬಿಸಿ ಗಾಳಿಯೇ ಅದರ ಮೂಲಕ ಹೊರಗೆ ಹೋಗುತ್ತದೆ. ಮುಂದೆ ಇಟ್ಟರೆ ಪ್ರೊಸೆಸರ್‌ಗೆ ತಂಪು, ಆದರೆ ಕಾರ್ಡಿಗೆ ಬಿಸಿ ಮಾಡಿದ ಗಾಳಿ. ಮುಂದೆ ಇಡುವವರು ರೇಡಿಯೇಟರ್‌ನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಒಳಗಿನ ಗಾಳಿಗುಳ್ಳೆ ಪಂಪಿಗೆ ಬಂದು ಗುಳುಗುಳು ಸದ್ದು ಶುರು. ಗಾಳಿ ಕೂಲರ್‌ಗೆ ಇಂಥ ಲೆಕ್ಕಾಚಾರ ಇಲ್ಲ. ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಹೊರಗೆ.

ಸದ್ದು: ಎರಡೂ ಸರಿಸಮ. ಗಾಳಿ ಕೂಲರ್‌ನ ಫ್ಯಾನ್ ಮೊದಮೊದಲು ಮಾತು ಮಾತಿಗೆ ಏರಿಳಿಯುತ್ತದೆ. ಬಯೋಸ್‌ನಲ್ಲಿ ವೇಗ ಏರುವುದನ್ನು ಕೆಲವು ಸೆಕೆಂಡು ತಡ ಮಾಡಿಸಿದರೆ ಸುಮ್ಮನಾಗುತ್ತದೆ.

ಧೂಳು: ಗೋಪುರವನ್ನು ಬ್ಲೋವರ್‌ನಿಂದ ಊದಿದರೆ ಮುಗಿಯಿತು. ರೇಡಿಯೇಟರ್‌ನ ಸಂದುಗಳು ತೀರ ಒತ್ತಾಗಿರುತ್ತವೆ, ಫ್ಯಾನ್ ಬಿಚ್ಚದೆ ಸ್ವಚ್ಛ ಆಗುವುದಿಲ್ಲ.

ಜೋಡಿಸುವಾಗ ಗಾಳಿ ಕೂಲರ್‌ನಲ್ಲಿ ಎರಡು ಕಿರಿಕಿರಿ ಇವೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ಎಂಟು ಪಿನ್ನಿನ ಕೇಬಲನ್ನು ಮೊದಲೇ ಸಿಕ್ಕಿಸಿ, ಆಮೇಲೆ ಬೆರಳು ಹೋಗುವುದಿಲ್ಲ. ಎತ್ತರದ ರ‍್ಯಾಮ್ ತಗೊಂಡಿದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಏರಿಸಬೇಕಾಗುತ್ತದೆ, ಆಗ ಕ್ಯಾಬಿನೆಟ್ ಬಾಗಿಲು ಮುಚ್ಚದೆ ಹೋಗಬಹುದು. ಈ ಕೂಲರ್‌ನ ಎತ್ತರ 155 ಎಂಎಂ. ನಿಮ್ಮ ಕ್ಯಾಬಿನೆಟ್‌ನಲ್ಲಿ ಎಷ್ಟು ಜಾಗ ಇದೆ ನೋಡಿಕೊಂಡೇ ದುಡ್ಡು ಕೊಡಿ.

ನೀರಿನ ಕೂಲರ್ ಯಾರಿಗೂ ಬೇಡ ಅಂತ ಅಲ್ಲ. ಇಂಟೆಲ್‌ನ ಕೋರ್ ಐ9-14900ಕೆ ತರಹ 253 ವ್ಯಾಟ್‌ವರೆಗೆ ಹೋಗುವ ಚಿಪ್ ಇಟ್ಟುಕೊಂಡು ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರಿಗೆ ಅದೇ ಸರಿ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶ್ ತುಂಡನ್ನು ಕೋರ್‌ಗಳ ಕೆಳಗೆ ಇಟ್ಟಿದ್ದಾರೆ. ಅಲ್ಲಿ ಬಿಸಿ ಸಲೀಸಾಗಿ ಮೇಲೆ ಬರುತ್ತದೆ, ಚಿಪ್ ಕರೆಂಟನ್ನೂ ಜಾಸ್ತಿ ಎಳೆಯುತ್ತದೆ. ದೊಡ್ಡ ಕೂಲರ್ ಹಾಕಿದರೆ ಸ್ವಲ್ಪ ಪ್ರಯೋಜನ ಕಾಣಬಹುದು. ಆದರೂ ಆಟಕ್ಕೆ ಮಾತ್ರ ಅಂದರೆ ನಾನು ಅದಕ್ಕೂ ಎರಡು ಗೋಪುರದ್ದೇ ಹಾಕುತ್ತೇನೆ.

ಒಳ್ಳೆಯ 360 ಎಂಎಂ ಕೂಲರ್‌ಗೆ ನಾನು ಕೊಟ್ಟದ್ದು ಹನ್ನೆರಡು ಸಾವಿರದ ಹತ್ತಿರ. ಇದಕ್ಕೂ ಅದಕ್ಕೂ ಇರುವ ಎಂಟು ಸಾವಿರವನ್ನು ಗ್ರಾಫಿಕ್ಸ್ ಕಾರ್ಡಿಗೋ, ಒಳ್ಳೆಯ ಪವರ್ ಸಪ್ಲೈಗೋ ಸೇರಿಸಿ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಜಾಸ್ತಿ. ನಾನು ಮಾರಿ ಬಂದ ದುಡ್ಡಿನಲ್ಲಿ ಯುಪಿಎಸ್ ತಗೊಂಡೆ.